ಮೈದಾನ ಎಲ್ಲರದ್ದು, ಬೆವರು ನಮ್ಮದು

ಕಳೆದ ವರ್ಷ ಮಳೆ ನಿಂತ ಮೇಲೆ, ಅಕ್ಟೋಬರ್ ಮೊದಲ ವಾರದಲ್ಲಿ, ಒಂಬತ್ತನೇ ತರಗತಿಯ ಹುಡುಗನೊಬ್ಬನನ್ನು ಅವನ ಉಮ್ಮ ನನ್ನ ದವಾಖಾನೆಗೆ ಕರೆತಂದರು. ಸೊಂಟಪಟ್ಟಿಯ ಜಾಗದಲ್ಲಿ, ತೊಡೆಸಂದಿಯಲ್ಲಿ, ಬಲ ಮೊಣಕೈಯ ಕೆಳಗೆ ಬಳೆಯಾಕಾರದ ಕೆಂಪು ಕಲೆಗಳು. ಅಂಚು ಉಬ್ಬಿದೆ, ನಡುವೆ ಮಾಸಿದೆ, ತುರಿಕೆಯಿಂದ ರಾತ್ರಿ ನಿದ್ದೆಯಿಲ್ಲ. ನಮ್ಮೂರ ಕಡೆ ಇದನ್ನು ಹುಳಕಡ್ಡಿ ಎನ್ನುತ್ತಾರೆ, ಕೆಲವರು ಗಜಕರ್ಣ ಎನ್ನುತ್ತಾರೆ. ಯೂನಾನಿ ಗ್ರಂಥಗಳಲ್ಲಿ ಕೂಬಾ. ಹೆಸರಿನಲ್ಲಿ ಹುಳ ಇದ್ದರೂ ಇದು ಹುಳದ ಕಾಟವಲ್ಲ, ಶಿಲೀಂಧ್ರದ ಸೋಂಕು. ಮದ್ದು ಕೊಟ್ಟೆ, ಒಣಗಿದ ಬಟ್ಟೆ ಹಾಕಿಸಿ ಎಂದೆ, ಮನೆಯಲ್ಲಿ ಟವೆಲ್ ಬೇರೆ ಇಡಿ ಎಂದೆ. ಮೂರು ವಾರದಲ್ಲಿ ವಾಸಿಯಾಯಿತು. ಐದನೇ ವಾರ ಅದೇ ಹುಡುಗ ಮತ್ತೆ ಬಂದ, ಈ ಸಲ ಕುತ್ತಿಗೆಯ ಮೇಲೂ ಇತ್ತು.

ಅಷ್ಟರಲ್ಲಿ ಇನ್ನೂ ಕೆಲವು ಮಕ್ಕಳು ಬಂದುಹೋಗಿದ್ದರು. ಒಬ್ಬೊಬ್ಬರಾಗಿ, ಬೇರೆ ಬೇರೆ ಮನೆಯಿಂದ, ಬೇರೆ ಬೇರೆ ದಿನ. ನಾನು ಪ್ರತಿಯೊಬ್ಬನನ್ನೂ ಒಂದೊಂದು ಪ್ರತ್ಯೇಕ ರೋಗಿ ಎಂದೇ ನೋಡಿದೆ. ಏಳನೆಯವನು ಬಂದಾಗ ನಾನು ಅದೇ ಹಳೆಯ ಪ್ರಶ್ನೆ ಕೇಳಿದೆ: ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ? ಅವನು ಹೇಳಿದ, "ಮನೆಯಲ್ಲಿ ಇಲ್ಲ ಡಾಕ್ಟ್ರೇ, ಮ್ಯಾಟಿನಲ್ಲಿ ಉಂಟು."

ಆರು ಮಕ್ಕಳಿಗೆ ಮದ್ದು ಬರೆದು, ಒಬ್ಬನನ್ನೂ "ನೀನು ಎಲ್ಲಿ ಆಡುತ್ತೀ" ಎಂದು ನಾನು ಕೇಳಿರಲಿಲ್ಲ. ಯೂನಾನಿ ಓದುವ ಯಾರಿಗಾದರೂ ಮೊದಲ ವರ್ಷದಲ್ಲೇ ಬಾಯಿಪಾಠ ಮಾಡಿಸುವ ಪಾಠವೊಂದಿದೆ, ಅಸ್ಬಾಬ್-ಎ-ಸಿತ್ತಾ ಝರೂರಿಯಾ ಎಂದು. ಬದುಕಿಗೆ ಅನಿವಾರ್ಯವಾದ ಆರು ಸಂಗತಿಗಳು: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯುವುದು ಮತ್ತು ಹೊರಹೋಗುವುದು. ಮೂರನೆಯದೇ ವ್ಯಾಯಾಮ. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವನಿಗೆ, ಹದಿನಾಲ್ಕರ ಹುಡುಗ ಎದುರು ಕೂತಾಗ ಅದು ನೆನಪಾಗಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಕಬಡ್ಡಿಯ ಹುಚ್ಚು ಎಷ್ಟೆಂದು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಪಕ್ಕದ ಕಾರ್ಕಳ ಕಡೆಯ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದವರು, ಅರ್ಜುನ ಪ್ರಶಸ್ತಿ ಪಡೆದವರು. ಧರ್ಮಸ್ಥಳದಿಂದ ಉಜಿರೆ, ಬೆಳ್ತಂಗಡಿ, ಗುರುವಾಯನಕೆರೆ, ವೇಣೂರು ದಾಟಿ ಮೂಡುಬಿದಿರೆವರೆಗೆ, ಇತ್ತ ಬಂಟ್ವಾಳದವರೆಗೆ, ಚಳಿಗಾಲದ ಶನಿವಾರ ರಾತ್ರಿ ಎಲ್ಲಾದರೊಂದು ಕಡೆ ಹೊನಲು ಬೆಳಕಿನ ಪಂದ್ಯಾಟ ಇದ್ದೇ ಇರುತ್ತದೆ. ಮೊದಲು ಮಣ್ಣಿನ ಅಂಕಣ, ಈಗ ಮ್ಯಾಟ್. ಮಣ್ಣು ಬಿಸಿಲಿಗೆ ಒಣಗುತ್ತಿತ್ತು, ಮೊಣಕಾಲು ತರಚುತ್ತಿತ್ತು. ಮ್ಯಾಟಿನಲ್ಲಿ ತರಚುಗಾಯ ಕಡಿಮೆ, ಆದರೆ ಅದು ಬೆವರು ಹಿಡಿದಿಟ್ಟುಕೊಳ್ಳುತ್ತದೆ. ಸಂಜೆ ಆಡಿ, ಒರೆಸದೆ ಸುತ್ತಿ, ಕೋಣೆಯೊಳಗೆ ನಿಲ್ಲಿಸಿದರೆ ನಮ್ಮ ಕರಾವಳಿಯ ಹವೆಯಲ್ಲಿ ಒಳಪದರ ಒಣಗುವುದೇ ಇಲ್ಲ. ಹುಳಕಡ್ಡಿಯ ಬೀಜಕಣಗಳು ಬಟ್ಟೆ, ಚಾಪೆಗಳಲ್ಲಿ ತಿಂಗಳುಗಟ್ಟಲೆ ಬದುಕಬಲ್ಲವು. ಹುಡುಗನಿಗೆ ಮದ್ದು, ಮ್ಯಾಟಿಗೆ ಏನೂ ಇಲ್ಲ ಎಂದಾದರೆ ನಾನು ಮದ್ದು ಕೊಡುತ್ತಲೇ ಇರಬಹುದು.

ಇಷ್ಟಾದರೆ ಇದು ಬರೀ ಶುಚಿತ್ವದ ವಿಷಯವಾಗುತ್ತಿತ್ತು. ಆದರೆ ಏಳನೆಯವನು ಇನ್ನೊಂದು ಮಾತು ಹೇಳಿದ: "ಅವನನ್ನು ನಾವು ತೆಗೆದು ಒಂದು ತಿಂಗಳಾಯ್ತು, ಆದ್ರೂ ಬರ್ತಾ ಉಂಟು." ಯಾರನ್ನು ತೆಗೆದದ್ದು? ತಂಡದಲ್ಲಿ ಒಬ್ಬ ಹುಡುಗನಿದ್ದ. ತಂದೆ ಕೂಲಿ ಕೆಲಸದವರು, ಒಂದೇ ಬಾಡಿಗೆ ಕೋಣೆಯಲ್ಲಿ ಐದು ಜನ. ಅವನ ಬೆನ್ನಿನ ಮೇಲೆ ಕಲೆ ಕಂಡದ್ದೇ ತಡ, ರೋಗ ತಂದವನು ಅವನೇ ಎಂದು ಎಲ್ಲರೂ ತೀರ್ಮಾನಿಸಿದರು. ಜೆರ್ಸಿ ವಾಪಸ್ ಕೇಳಿದರು. ಹುಡುಗ ಮೈದಾನದ ಕಡೆ ಬರುವುದು ಬಿಟ್ಟ, ಶಾಲೆಯಲ್ಲಿ ಪಿ.ಟಿ. ಪೀರಿಯಡ್ಡಿಗೂ ಹೊಟ್ಟೆನೋವೆಂದು ತರಗತಿಯಲ್ಲೇ ಕೂರತೊಡಗಿದ. ಅವನನ್ನು ಕರೆಸಿ ನೋಡಿದೆ. ಅವನ ಕಲೆ ಉಳಿದವರದಕ್ಕಿಂತ ಹಳೆಯದು ಎನ್ನಲು ನನಗೆ ಯಾವ ಆಧಾರವೂ ಸಿಗಲಿಲ್ಲ. ಮೊದಲು ಬಂದ ಒಂಬತ್ತನೇ ತರಗತಿಯ ಹುಡುಗನೇ ಆಗಿರಬಹುದು; ಬೇರೆ ಊರಿನಿಂದ ಪಂದ್ಯಕ್ಕೆ ಬಂದ ತಂಡದಿಂದಲೂ ಹತ್ತಿರಬಹುದು. ವ್ಯತ್ಯಾಸ ಇಷ್ಟೇ: ಉಳಿದವರು ಫುಲ್ ಟೀ ಶರ್ಟ್ ಹಾಕಿ ಮುಚ್ಚಿಕೊಂಡಿದ್ದರು, ಇವನ ಹತ್ತಿರ ಅದು ಇರಲಿಲ್ಲ.

ಹೀಗೆ ಅವಮಾನ ಮಾಡಿದರೆ ಆರೋಗ್ಯದ ದೃಷ್ಟಿಯಿಂದ ಏನಾಗುತ್ತದೆ ಎಂದರೆ, ನಾಳೆ ಇನ್ನೊಬ್ಬನಿಗೆ ಕಲೆ ಕಂಡಾಗ ಅವನು ಬಾಯಿ ಬಿಡುವುದಿಲ್ಲ. ಮೆಡಿಕಲ್ ಅಂಗಡಿಗೆ ಹೋಗಿ ಯಾವುದೋ ಟ್ಯೂಬ್ ತಂದು ಕದ್ದು ಹಚ್ಚುತ್ತಾನೆ. ಇಲ್ಲಿ ನಿಲ್ಲಬೇಕು. ಹೀಗೆ ಸಿಗುವ ಎಷ್ಟೋ ಮುಲಾಮುಗಳಲ್ಲಿ ಸ್ಟಿರಾಯ್ಡ್ ಬೆರೆತಿರುತ್ತದೆ. ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ, ಮದ್ದು ಒಳ್ಳೆಯದೆಂದು ಅನ್ನಿಸುತ್ತದೆ. ಶಿಲೀಂಧ್ರ ಮಾತ್ರ ಅಡಿಯಲ್ಲಿ ಹರಡುತ್ತಲೇ ಇರುತ್ತದೆ. ಕಳೆದ ಹತ್ತು ವರ್ಷಗಳಲ್ಲಿ ಭಾರತದಲ್ಲಿ ಹುಳಕಡ್ಡಿ ಹಠಮಾರಿಯಾಗಿದೆ. ಸಾಮಾನ್ಯವಾಗಿ ಕೊಡುವ ಟರ್ಬಿನಾಫಿನ್ ಮದ್ದಿಗೂ ಬಗ್ಗದ ಹೊಸ ಬಗೆಗೆ 2020ರಲ್ಲಿ ವಿಜ್ಞಾನಿಗಳು ಟ್ರೈಕೊಫೈಟನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಹೆಸರಿನಲ್ಲೇ ಇಂಡಿಯಾ ಇದೆ, ಹೆಮ್ಮೆಪಡುವ ಸಂಗತಿಯಲ್ಲ. ನನ್ನ ಪದ್ಧತಿಯ ಮದ್ದಿನ ಮೇಲೆ ನನಗೆ ಭರವಸೆಯಿದೆ. ಆದರೂ ಮೈಯೆಲ್ಲ ಹರಡಿದ, ಎರಡು ಸಲ ಮರುಕಳಿಸಿದ ರೋಗಿಯನ್ನು ನಾನು ಚರ್ಮರೋಗ ತಜ್ಞರ ಬಳಿಗೇ ಕಳಿಸುತ್ತೇನೆ. ಆ ಮಕ್ಕಳಲ್ಲಿ ಇಬ್ಬರನ್ನು ಹಾಗೆ ಕಳಿಸಿದೆ.

ಬೇರೆ ಕಡೆ ಏನು ಮಾಡುತ್ತಾರೆ ನೋಡಿ. ಅಮೆರಿಕದ ಕಾಲೇಜು ಕುಸ್ತಿಯಲ್ಲಿ ಪಂದ್ಯಕ್ಕೆ ಮೊದಲು ಎಲ್ಲರ ಚರ್ಮವನ್ನೂ ಪರೀಕ್ಷಿಸುತ್ತಾರೆ. ಮೈಮೇಲೆ ಹುಳಕಡ್ಡಿ ಕಂಡವನು ಕನಿಷ್ಠ 72 ಗಂಟೆ ಮದ್ದು ಹಚ್ಚಿರಬೇಕು, ಆಮೇಲೆ ಕಲೆ ಮುಚ್ಚಿ ಆಡಬಹುದು. ಅವನನ್ನು ಯಾರೂ ತಂಡದಿಂದ ತೆಗೆಯುವುದಿಲ್ಲ. ಎಲ್ಲರನ್ನೂ ನೋಡುವುದರಿಂದ ಯಾರೊಬ್ಬನೂ ಬೊಟ್ಟು ಮಾಡಿಸಿಕೊಳ್ಳುವುದಿಲ್ಲ. ನಾನು ಹುಡುಗರಿಗೂ ಅವರಿಗೆ ಕಲಿಸುವ ಅಣ್ಣನಿಗೂ ಇದನ್ನೇ ಹೇಳಿದೆ. ಭಾನುವಾರಕ್ಕೊಮ್ಮೆ ಎಲ್ಲರ ಕೈ, ಕುತ್ತಿಗೆ, ಬೆನ್ನು ನೋಡಿ, ನಿಮ್ಮದನ್ನೂ ತೋರಿಸಿ. ಮ್ಯಾಟನ್ನು ಆಟಕ್ಕೆ ಮೊದಲೂ ಆಮೇಲೂ ಸೋಪಿನ ನೀರಿನಲ್ಲಿ ಒರೆಸಿ, ಬಳಿಕ ತೆಳು ಮಾಡಿದ ಬ್ಲೀಚ್ ದ್ರಾವಣ ಹಚ್ಚಿ ಹತ್ತು ನಿಮಿಷ ಬಿಟ್ಟು ಒಣಗಿಸಿ. ಒರೆಸುವ ಬಟ್ಟೆಯನ್ನೂ ತೊಳೆದು ಬಿಸಿಲಿಗೆ ಹಾಕಿ, ಇಲ್ಲದಿದ್ದರೆ ಅದೇ ಬಟ್ಟೆ ರೋಗವನ್ನು ಮೂಲೆಮೂಲೆಗೆ ಹಚ್ಚುತ್ತದೆ. ಬರಿಗಾಲಲ್ಲಿ ಶೌಚಾಲಯಕ್ಕೆ ಹೋಗಿ ಅದೇ ಕಾಲಲ್ಲಿ ಮ್ಯಾಟಿಗೆ ಹತ್ತಬೇಡಿ, ಚಪ್ಪಲಿ ಧರಿಸಿ ಮ್ಯಾಟ್ ತುಳಿಯಬೇಡಿ. ಜೆರ್ಸಿ, ಚಡ್ಡಿ ದಿನವೂ ಒಗೆಯಲಿ. ಬ್ಯಾಗಿನೊಳಗೆ ಒದ್ದೆಯಾಗಿ ಮರುದಿನದವರೆಗೆ ಇರುವುದು ಬೇಡ. ಉಮ್ಮಂದಿರಿಗೆ ಒಂದು ಮಾತು: ಬಿಸಿನೀರಿನಲ್ಲಿ ಒಗೆದು ಇಸ್ತ್ರಿ ಹಾಕಿದರೆ ಅರ್ಧ ಕೆಲಸ ಮುಗಿದಂತೆ. ಕಲೆ ಮಾಯವಾದ ಮೇಲೂ ವೈದ್ಯರು ಹೇಳಿದಷ್ಟು ದಿನ ಮದ್ದು ನಿಲ್ಲಿಸಬಾರದು.

ಜೆರ್ಸಿ ಕಳಕೊಂಡ ಹುಡುಗನ ಮನೆಗೆ ತಂಡದ ನಾಯಕ ಹೋದ. ನಾನು ಹೇಳಿ ಕಳಿಸಿದ್ದಲ್ಲ, ಅವನೇ ಹೋದದ್ದು. ಹುಡುಗ ಮೊದಲ ದಿನ ಬರಲಿಲ್ಲ, ಎರಡನೇ ವಾರ ಬಂದ.

ಯೂನಾನಿಯವರಿಗೆ ಆಟದ ವಿಷಯ ಹೊಸದೇನೂ ಅಲ್ಲ. ಎರಡನೇ ಶತಮಾನದ ಜಾಲೀನೂಸ್ (ಗ್ಯಾಲೆನ್) ಸಣ್ಣ ಚೆಂಡಿನ ಆಟದ ಬಗ್ಗೆಯೇ ಒಂದು ಪುಟ್ಟ ಕೃತಿ ಬರೆದರು. ಇಬ್ನ್ ಸೀನಾ ತಮ್ಮ ಅಲ್ ಕಾನೂನ್ ಗ್ರಂಥದ ಮೊದಲ ಭಾಗದಲ್ಲೇ ರಿಯಾಝತ್, ಅಂದರೆ ವ್ಯಾಯಾಮಕ್ಕೆ ಜಾಗ ಕೊಟ್ಟರು. ಅದಕ್ಕೆ ಮೊದಲು ಮತ್ತು ಆಮೇಲೆ ಮೈ ತಿಕ್ಕುವುದು, ಸ್ನಾನ, ಎಲ್ಲವನ್ನೂ ಒಟ್ಟಿಗೇ ವಿವರಿಸಿದರು. ಆಟ ಮುಗಿಸಿ ಬೆವರಿನ ಬಟ್ಟೆಯಲ್ಲೇ ಬೈಕ್ ಹತ್ತಿ ಗೋಬಿ ಮಂಚೂರಿ ಅಂಗಡಿಗೆ ಹೋಗುವ ಪದ್ಧತಿ ಮಾತ್ರ ಅದರಲ್ಲಿಲ್ಲ.

ಈಜುಕೊಳದ ಮಾತಿಗೆ ಬರೋಣ. ನನ್ನ ತಲೆಮಾರಿನವರು ಈಜು ಕಲಿತದ್ದು ನೇತ್ರಾವತಿಯಲ್ಲಿ, ತೋಟದ ಕೆರೆಯಲ್ಲಿ, ಯಾರದೋ ಬಾವಿಯಲ್ಲಿ. ಈಗ ಮಕ್ಕಳನ್ನು ಕೊಳಕ್ಕೆ ಕಳಿಸುತ್ತೇವೆ. ಮಂಗಳೂರಿನಲ್ಲಿ ಮಂಗಳಾ ಈಜುಕೊಳ ಹಳೆಯದು. ಎಮ್ಮೆಕೆರೆಯಲ್ಲಿ 2023ರಲ್ಲಿ ಅಂತಾರಾಷ್ಟ್ರೀಯ ಮಟ್ಟದ ಕೊಳ ಆರಂಭವಾದ ಮೇಲೆ ನಮ್ಮ ತಾಲೂಕುಗಳಿಂದಲೂ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದೊಯ್ಯುವವರಿದ್ದಾರೆ. ಹರಿಯುವ ಹೊಳೆ ಬೇರೆ, ನಿಂತ ಕೊಳ ಬೇರೆ. ನಿಂತ ನೀರಿನಲ್ಲಿ ಮೂತ್ರ ಮಾಡಿ ಮತ್ತೆ ಅದರಲ್ಲೇ ಸ್ನಾನ ಮಾಡುವುದನ್ನು ಪ್ರವಾದಿ(ಸ)ರು ತಡೆದದ್ದನ್ನು ಮದ್ರಸದ ಸಣ್ಣ ಮಕ್ಕಳೂ ಓದಿರುತ್ತಾರೆ. ಆದರೆ ಕೊಳದಲ್ಲಿ ಇಳಿದ ದೊಡ್ಡವರಿಗೇ "ಕ್ಲೋರಿನ್ ಇದೆಯಲ್ಲ, ಏನಾಗುವುದಿಲ್ಲ" ಎಂಬ ಧೈರ್ಯ.

ಆಗುತ್ತದೆ. ಕೊಳದ ಬಳಿ ಮೂಗಿಗೆ ಬಡಿಯುವ ಘಾಟು ಶುದ್ಧ ಕ್ಲೋರಿನ್‌ದಲ್ಲ. ಕ್ಲೋರಿನ್ ನಮ್ಮ ಬೆವರು ಮತ್ತು ಮೂತ್ರದೊಂದಿಗೆ ಸೇರಿ ಆಗುವ ಕ್ಲೋರಮಿನ್‌ಗಳ ವಾಸನೆ ಅದು. ಕಣ್ಣು ಕೆಂಪಾಗುವುದು, ಕೆಮ್ಮು ಬರುವುದು ಹೆಚ್ಚಾಗಿ ಅದರಿಂದ. ಘಾಟು ಜೋರಾಗಿದ್ದರೆ ಕೊಳ ಸ್ವಚ್ಛವಾಗಿದೆ ಎಂದು ತಿಳಿಯುವವರಿದ್ದಾರೆ, ವಾಸ್ತವ ಹೆಚ್ಚುಕಡಿಮೆ ಅದರ ವಿರುದ್ಧ. ಬೆವರು, ಎಣ್ಣೆ, ಸುಗಂಧ ತೊಳೆಯದೆ ಇಳಿದಷ್ಟೂ ಕ್ಲೋರಿನ್ ಅದರ ಮೇಲೇ ಖರ್ಚಾಗಿ ರೋಗಾಣುಗಳ ಪಾಲಿಗೆ ಕಡಿಮೆ ಉಳಿಯುತ್ತದೆ. ಕ್ರಿಪ್ಟೊಸ್ಪೊರಿಡಿಯಂ ಎಂಬ ಭೇದಿಯ ಪರೋಪಜೀವಿ ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲೂ ವಾರಕ್ಕಿಂತ ಹೆಚ್ಚು ಬದುಕಬಲ್ಲದು. ಆದ್ದರಿಂದ ಭೇದಿಯಾಗುತ್ತಿರುವ ಮಗುವನ್ನು, ಮುಂಗಡ ಹಣ ಕಟ್ಟಿದ್ದೇವೆ ಎಂಬ ಲೆಕ್ಕದಲ್ಲಿ ಕೊಳಕ್ಕೆ ಇಳಿಸಬೇಡಿ.

ನಮ್ಮವರಲ್ಲಿ ಎರಡು ತಪ್ಪು ತಿಳಿವಳಿಕೆ ಕಂಡಿದ್ದೇನೆ. ಒಂದು, ವುಝೂ ಇದೆ, ಮತ್ತೆ ಸ್ನಾನವೇಕೆ ಎನ್ನುವುದು. ವುಝೂ ನಮಾಝಿಗೆ, ಅದರಲ್ಲಿ ಕಂಕುಳು, ತೊಡೆಸಂದಿ ತೊಳೆಯುವುದಿಲ್ಲ. ಕೊಳಕ್ಕೆ ಇಳಿಯುವ ಮುನ್ನ ಸೋಪು ಹಚ್ಚಿ ಶವರ್ ಕೆಳಗೆ ನಿಲ್ಲಬೇಕು, ಒಂದು ನಿಮಿಷವಾದರೂ. ಇನ್ನೊಂದು, ಸತ್ರ್ ಮುಚ್ಚಬೇಕೆಂದು ಬೆಳಗಿನಿಂದ ಧರಿಸಿದ ಹತ್ತಿಯ ಪೈಜಾಮಾ, ಬನಿಯನ್‌ನಲ್ಲೇ ನೀರಿಗೆ ಹಾರುವುದು. ದಾರಿಯ ಧೂಳೂ ಬೆವರೂ ನೀರಿಗೆ ಬರುತ್ತದೆ, ಹತ್ತಿಯ ನೂಲೆಳೆ ಫಿಲ್ಟರ್ ಸೇರುತ್ತದೆ, ಕೊಳದವರು ಬೈಯುತ್ತಾರೆ. ಹೊಕ್ಕುಳಿನಿಂದ ಮೊಣಕಾಲಿನ ಕೆಳಗಿನವರೆಗೆ ಮುಚ್ಚುವ, ಪೂರ್ಣ ತೋಳಿನ ನೈಲಾನ್ ಈಜುಡುಗೆ ಈಗ ಸಿಗುತ್ತದೆ. ಅದನ್ನು ಮನೆಯಿಂದ ಒಗೆದು ತಂದು, ಅಲ್ಲೇ ಧರಿಸಿದರೆ ಸತ್ರ್‌ಗೂ ಕೊಳಕ್ಕೂ ತೊಂದರೆಯಿಲ್ಲ.

ಜಿಮ್‌ನ ವಿಷಯ ಬೇಗ ಮುಗಿಸುತ್ತೇನೆ. ಬೆಂಚಿನ ಮೇಲೆ ನಿಮ್ಮ ಟವೆಲ್ ಹಾಸಿ ಮಲಗಿ, ಎದ್ದಾಗ ಬೆವರು ಒರೆಸಿ. ಕುರು, ಕೀವುಗಾಯ ಇದ್ದರೆ ಮುಚ್ಚಿ ಬನ್ನಿ. ನೀರಿನ ಬಾಟಲಿ ಒಂದೇ ಇದ್ದರೆ ತುಟಿ ತಾಗಿಸದೆ ಕುಡಿಯಿರಿ. ಗುಟ್ಕಾ, ಎಲೆಅಡಿಕೆ ಉಗುಳುವ ಹಿರಿಯರಿಗೆ ಹೇಳಲು ಕಿರಿಯರಿಗೆ ಮುಜುಗರ; ಆದ್ದರಿಂದ ನಾನೇ ಹೇಳುತ್ತಿದ್ದೇನೆ, ಮೈದಾನದ ಮೂಲೆಯೂ ಮೈದಾನವೇ.

ಮೂಡುಬಿದಿರೆಯ ಸ್ವರಾಜ್ ಮೈದಾನಕ್ಕೆ ಹೋಗಿದ್ದೀರಾ? 400 ಮೀಟರಿನ ಸಿಂಥೆಟಿಕ್ ಟ್ರ್ಯಾಕ್ ಅದು. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ ಕೂಟ ಅಲ್ಲೇ ನಡೆಯಿತು. ಇಂಥ ಟ್ರ್ಯಾಕ್ ಇರುವ ಊರಿನಲ್ಲಿ ಮೂರು ಬಗೆಯ ಜನರಿಗೆ ಒಂದೇ ಜಾಗ ಬೇಕು: ಪದಕದ ಕನಸಿನ ಓಟಗಾರರು, ಸಕ್ಕರೆ ಕಾಯಿಲೆಗೆ ನಡೆಯಲು ನಮ್ಮಂಥ ವೈದ್ಯರು ಕಳಿಸಿದ ಮಧ್ಯವಯಸ್ಕರು, ಮತ್ತು ಚೆಂಡು ಹಿಡಿದ ಮಕ್ಕಳು. ನಡೆಯುವವರಲ್ಲಿ ಅನೇಕರಿಗೆ ಗೊತ್ತಿಲ್ಲದ್ದು ಇಷ್ಟು: ಒಳಗಿನ ಲೇನ್‌ಗಳು ವೇಗವಾಗಿ ಓಡುವವರಿಗೆ, ಹೊರಗಿನವು ನಿಧಾನದವರಿಗೆ. ಎಲ್ಲರೂ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿನಲ್ಲಿ ಹೋಗಬೇಕು. ನಾಲ್ಕು ಜನ ಸಾಲಾಗಿ ಕೈಬೀಸಿ, ಮದುವೆ ಮಾತುಕತೆ ಮಾಡುತ್ತ ಒಂದನೇ ಲೇನ್‌ನಲ್ಲಿ ಹೋದರೆ ಹಿಂದಿನಿಂದ ಬರುವ ಓಟಗಾರ ಇದ್ದಕ್ಕಿದ್ದಂತೆ ಪಕ್ಕಕ್ಕೆ ತಿರುಗಬೇಕು. ಆ ವೇಗದಲ್ಲಿ ಹಾಗೆ ತಿರುಗಿದರೆ ಪಾದ ಉಳುಕುತ್ತದೆ, ತೊಡೆಯ ಸ್ನಾಯು ಹರಿಯುತ್ತದೆ, ಅವನ ಇಡೀ ವರ್ಷ ಹೋಗುತ್ತದೆ. ಓಟಗಾರನೂ "ಟ್ರ್ಯಾಕ್" ಎಂದು ದೂರದಿಂದಲೇ ಕೂಗಬೇಕು, ಕಿವಿಯ ಹತ್ತಿರ ಬಂದು ಬೆಚ್ಚಿಬೀಳಿಸಬಾರದು. ಅರುವತ್ತರ ಹೃದಯಕ್ಕೆ ಅದು ಒಳ್ಳೆಯದಲ್ಲ.

ಎಸೆತದ ಜಾಗ ಇನ್ನೂ ಗಂಭೀರ. 2019ರ ಅಕ್ಟೋಬರ್‌ನಲ್ಲಿ ಕೇರಳದ ಪಾಲಾದಲ್ಲಿ ರಾಜ್ಯ ಜೂನಿಯರ್ ಅಥ್ಲೆಟಿಕ್ ಕೂಟ ನಡೆಯುತ್ತಿತ್ತು. ಜಾವೆಲಿನ್ ಮತ್ತು ಹ್ಯಾಮರ್ ಎಸೆತ ಒಟ್ಟೊಟ್ಟಿಗೆ. ಬಿದ್ದ ಜಾವೆಲಿನ್ ಹೆಕ್ಕಲು ಹೋದ ಸ್ವಯಂಸೇವಕ ವಿದ್ಯಾರ್ಥಿಯ ತಲೆಗೆ ಹ್ಯಾಮರ್ ಬಡಿಯಿತು. ಎರಡು ವಾರಕ್ಕೂ ಹೆಚ್ಚು ಕಾಲ ಆಸ್ಪತ್ರೆಯಲ್ಲಿದ್ದು ಆ ಮಗು ತೀರಿಕೊಂಡಿತು. ಅದು ಅಧಿಕಾರಿಗಳು, ತೀರ್ಪುಗಾರರು ಎಲ್ಲ ಇದ್ದ ಕೂಟ. ಬೆಳಗಿನ ಅಭ್ಯಾಸದಲ್ಲಿ ಯಾರೂ ಇರುವುದಿಲ್ಲ. ಪುರುಷರ ಜಾವೆಲಿನ್ 800 ಗ್ರಾಂ, ಹ್ಯಾಮರ್ 7 ಕಿಲೋಗಿಂತ ಹೆಚ್ಚು. ನಡಿಗೆಗೆ ಬರುವಾಗ ಮೊಮ್ಮಕ್ಕಳನ್ನು ಕರೆತಂದು ಹುಲ್ಲಿನ ನಡುವೆ ಆಡಲು ಬಿಡುವವರು, ಅಲ್ಲಿ ಯಾರಾದರೂ ಎಸೆಯುತ್ತಿದ್ದಾರೆಯೇ ಎಂದು ಮೊದಲು ನೋಡಿ. ಎಸೆಯುವವರು ಕೂಗಿ ಎಚ್ಚರಿಸಿ, ಹಾದಿ ಖಾಲಿಯಾದ ಮೇಲೆ ಎಸೆಯಿರಿ.

ಮೈದಾನದಲ್ಲಿ ಯಾರಿಗೆ ಹೆಚ್ಚು ಹಕ್ಕು ಎಂಬ ಪ್ರಶ್ನೆ ಬಂದಾಗ ನನಗೆ ದೆಹಲಿಯ ತ್ಯಾಗರಾಜ ಕ್ರೀಡಾಂಗಣ ನೆನಪಾಗುತ್ತದೆ. ಹಿರಿಯ ಅಧಿಕಾರಿಯೊಬ್ಬರು ನಾಯಿಯೊಂದಿಗೆ ಅಡ್ಡಾಡಲೆಂದು ಅಥ್ಲೀಟ್‌ಗಳನ್ನು ಸಂಜೆ ಬೇಗನೆ ಹೊರಗೆ ಕಳಿಸಲಾಗುತ್ತಿದೆ ಎಂದು 2022ರ ಮೇ ತಿಂಗಳಲ್ಲಿ ಪತ್ರಿಕೆಯೊಂದು ಬರೆಯಿತು. ವರದಿ ಬಂದ ದಿನವೇ ಆ ಅಧಿಕಾರಿಗೆ ಲಡಾಖ್‌ಗೆ ವರ್ಗವಾಯಿತು. ನಾವು ಓದಿ ನಕ್ಕೆವು. ಆದರೆ ನಮ್ಮ ಊರಿನ ಮೈದಾನದಲ್ಲಿ ದೊಡ್ಡ ಹುಡುಗರು ಬಂದ ಕೂಡಲೇ ಸಣ್ಣ ಮಕ್ಕಳು ಸ್ಟಂಪ್ ಕಿತ್ತುಕೊಂಡು ಬದಿಗೆ ಹೋಗುತ್ತಾರಲ್ಲ, ಅದೂ ಅದೇ.

ಹೆಣ್ಣುಮಕ್ಕಳಂತೂ ಬದಿಗೆ ಹೋಗುವಷ್ಟೂ ಒಳಗೆ ಬಂದಿಲ್ಲ. ಸಕ್ಕರೆ ಕಾಯಿಲೆ, ಮೊಣಕಾಲು ನೋವು, ಥೈರಾಯ್ಡ್ ಎಂದು ಬರುವ ಸಹೋದರಿಯರಿಗೆ ನಾನು ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ ಎನ್ನುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ ಲೆಕ್ಕ ಅದು. ಅವರು ಕೇಳುವುದು ಒಂದೇ: ಎಲ್ಲಿ ಡಾಕ್ಟ್ರೇ? ರಸ್ತೆಯಲ್ಲಿ ನಾಯಿ ಮತ್ತು ಲಾರಿ. ಮೈದಾನದಲ್ಲಿ ಕಟ್ಟೆಯ ಮೇಲೆ ಕೂತ ಹುಡುಗರು, ಅವರ ಕೈಯಲ್ಲಿ ಮೊಬೈಲ್. ಆಟದ ವಿಡಿಯೋ ತೆಗೆಯುವ ನೆಪದಲ್ಲಿ ನಡೆಯುವವರೂ ಅದರಲ್ಲಿ ಬಂದು, ಸಂಜೆಗೆ ಯಾವುದೋ ವಾಟ್ಸ್ಆ್ಯಪ್ ಗುಂಪಿನಲ್ಲಿ ಕಾಣುತ್ತಾರೆ. ಒಬ್ಬ ತಾಯಿ ಇದೇ ಕಾರಣಕ್ಕೆ ನಡಿಗೆ ನಿಲ್ಲಿಸಿದರು. ಆರು ತಿಂಗಳಲ್ಲಿ ಅವರ ಸಕ್ಕರೆ ಮೊದಲಿದ್ದಲ್ಲಿಗೇ ಮರಳಿತು, ಮಾತ್ರೆ ಎರಡಾಯಿತು. ಪ್ರವಾದಿ(ಸ)ರು ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯವಾಡಿದ ಪ್ರಸಂಗ ಅಬೂದಾವೂದ್ ಸಂಗ್ರಹದಲ್ಲಿದೆ, ಭಾಷಣಗಳಲ್ಲಿ ಕೇಳುತ್ತೇವೆ. ಟರ್ಫ್ ನಡೆಸುವ ನಮ್ಮವರೇ ಬೇಕಷ್ಟಿದ್ದಾರೆ. ವಾರದಲ್ಲಿ ಎರಡು ದಿನ ಬೆಳಿಗ್ಗೆ ಒಂದು ಗಂಟೆ ಹೆಣ್ಣುಮಕ್ಕಳಿಗೆಂದು ಬಿಟ್ಟುಕೊಟ್ಟರೆ ಏನು ನಷ್ಟ? ಆ ಹೊತ್ತಿಗೆ ಬುಕಿಂಗ್ ಹೇಗೂ ಇರುವುದಿಲ್ಲ.

ಟರ್ಫ್ ಮಾತು ಬಂದಾಗ ರಮಝಾನ್ ಬಗ್ಗೆ ಹೇಳದೆ ಬಿಟ್ಟರೆ ನನ್ನ ರೋಗಿಗಳೇ ನನ್ನನ್ನು ಬಿಡಲಾರರು. ತರಾವೀಹ್ ಮುಗಿದ ಮೇಲೆ ಶುರುವಾಗುವ ಟೂರ್ನಿ ಸಹರಿವರೆಗೆ ನಡೆಯುತ್ತದೆ. ಹಗಲು ಉಪವಾಸ, ಆಟಕ್ಕೆ ರಾತ್ರಿಯೇ ಸಮಯ, ಅರ್ಥವಾಗುತ್ತದೆ. ಆದರೆ ಈಚಿನ ವರ್ಷಗಳಲ್ಲಿ ರಮಝಾನ್ ಬರುತ್ತಿರುವುದು ಎಸೆಸೆಲ್ಸಿ, ಪಿಯುಸಿ ಪರೀಕ್ಷೆಗಳ ಹೊತ್ತಿಗೆ. 2025ರಲ್ಲಿ ಎಸೆಸೆಲ್ಸಿ ಪರೀಕ್ಷೆ ಆರಂಭವಾದದ್ದು ಮಾರ್ಚ್ 21ರಂದು, ಉಪವಾಸದ ಕೊನೆಯ ದಿನಗಳಲ್ಲಿ. ಟರ್ಫ್‌ನ ಬಲೆಯ ಆಚೆ ಮನೆಗಳಿವೆ. ಅಲ್ಲಿ ಓದುವ ಮಕ್ಕಳಿದ್ದಾರೆ, ಅವರಲ್ಲಿ ಉಪವಾಸ ಹಿಡಿದ ನಮ್ಮ ಮಕ್ಕಳೂ ಇದ್ದಾರೆ. ಆರು ಸಂಗತಿಗಳ ಪಟ್ಟಿಯಲ್ಲಿ ವ್ಯಾಯಾಮ ಮೂರನೆಯದಾದರೆ ನಿದ್ದೆ ಐದನೆಯದು. ನನ್ನ ವ್ಯಾಯಾಮಕ್ಕೆ ಇನ್ನೊಬ್ಬರ ನಿದ್ದೆ ಕೊಡಲು ಆಗುವುದಿಲ್ಲ. ಶಬ್ದಮಾಲಿನ್ಯ ನಿಯಮ ಬಂದದ್ದೇ 2000ದಲ್ಲಿ: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ, ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. ಕಾಮೆಂಟರಿ ಮೈಕಿಗೂ ಇದು ಅನ್ವಯ.

ನನ್ನ ರೋಗಿ, ಎಪ್ಪತ್ತು ದಾಟಿದ ಒಬ್ಬ ನಿವೃತ್ತ ಮೇಷ್ಟ್ರು, ಟರ್ಫ್ ಪಕ್ಕದಲ್ಲೇ ಮನೆ. ಕಳೆದ ರಮಝಾನ್‌ನಲ್ಲಿ ಅವರ ರಕ್ತದೊತ್ತಡ ಹತೋಟಿಗೆ ಬರಲೇ ಇಲ್ಲ. ಮಾತ್ರೆ ಬದಲಿಸಲು ಅವರ ವೈದ್ಯರಲ್ಲಿಗೆ ಕಳಿಸಿದೆ, ಮಲಗುವ ಕೋಣೆ ಬದಲಿಸಲು ಹೇಳಿದೆ. ಪೊಲೀಸರಿಗೆ ದೂರು ಕೊಡಿ ಎಂದು ಮಗ ಒತ್ತಾಯಿಸಿದರೂ ಅವರು ಒಪ್ಪಲಿಲ್ಲ. "ನನ್ನ ಹತ್ತಿರ ಕಲಿತ ಮಕ್ಕಳೇ ಅವರೆಲ್ಲ, ಹೇಳಿದರೆ ಕೇಳುತ್ತಾರೆ" ಎಂದರು. ಆದರೆ ಹೇಳಲೂ ಇಲ್ಲ. ಕೊನೆಗೆ ಜುಮಾ ನಂತರ ಮಸೀದಿ ಅಂಗಳದಲ್ಲಿ ನಾನೇ ಆ ಹುಡುಗರಿಗೆ ವಿಷಯ ತಿಳಿಸಿದೆ. ಅವರಿಗೆ ಗೊತ್ತೇ ಇರಲಿಲ್ಲ. ಅಂದೇ ಸಂಜೆ ಮೇಷ್ಟ್ರ ಮನೆಗೆ ಹೋಗಿ ಮಾತಾಡಿ ಬಂದರು. ಮೈಕ್ ತೆಗೆದರು, ಮನೆಯ ಕಡೆ ಮುಖ ಮಾಡಿದ್ದ ಎರಡು ದೀಪಗಳನ್ನು ತಿರುಗಿಸಿದರು, ವಾರದ ದಿನಗಳಲ್ಲಿ ಹನ್ನೊಂದಕ್ಕೆ ಆಟ ನಿಲ್ಲಿಸುವುದೆಂದು ಒಪ್ಪಿದರು. ಶನಿವಾರ ಮಾತ್ರ ಇನ್ನೂ ಒಂದು ಗಂಟೆಯವರೆಗೆ ಎಳೆಯುತ್ತಾರಂತೆ, ಅದರ ಬಗ್ಗೆ ಮಾತುಕತೆ ಮುಂದುವರಿದಿದೆ.